ಹಾಳೆ ತಟ್ಟೆ ಎಕ್ಸ್‌ಪೋರ್ಟಿಗೆ ಅನುವಾದ ಚೆನ್ನಾಗಿರೋ ಪ್ಲಾಟ್‌ಫಾರ್ಮ್ ಯಾವುದು?

ಸಾಗರದ ಕಡೆ ಅಡಿಕೆ ಹಾಳೆ ತಟ್ಟೆ ಮಾಡುವ ಯೂನಿಟ್, ಜರ್ಮನಿಯಿಂದ ಎನ್‌ಕ್ವೈರಿ ಬಂದಿದೆ, ಇಂಗ್ಲಿಷ್ ಅಷ್ಟಕ್ಕಷ್ಟೆ, ಮಾತುಕತೆಗೆ ಯಾವ ಪ್ಲಾಟ್‌ಫಾರ್ಮ್ ಒಳ್ಳೆಯದು ಅಂತ ಕೇಳಿದ್ದೀರಿ. ಊರು ಒಂದು ಬಿಟ್ಟರೆ ಇದು ನನ್ನದೇ ಕಥೆ. ನಮ್ಮ ಯೂನಿಟ್ ಸುಳ್ಯದ ಹತ್ತಿರ.

ಮೊದಲೇ ಹೇಳಿಬಿಡುತ್ತೇನೆ, ಅನುವಾದದ ಚಿಂತೆ ಬಿಡಿ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದಿದ್ದು 2011ರಲ್ಲಿ. ಆಗ ಅದು ಮಾಡುತ್ತಿದ್ದ ಅನುವಾದ ಓದಿದರೆ ನಗು ಬರುತ್ತಿತ್ತು. ಈಗ ಸಣ್ಣ ಸಣ್ಣ ವಾಕ್ಯ ಬರೆದರೆ ವ್ಯಾಪಾರಕ್ಕೆ ಬೇಕಾದಷ್ಟು ಆಗುತ್ತದೆ. ಅಲಿಬಾಬಾದಂಥ ಕಡೆ ಚಾಟ್ ಒಳಗೇ ಅನುವಾದ ಇರುತ್ತದೆ. ನಾನು ಬರೆದಿದ್ದು ಆ ಕಡೆಯವನಿಗೆ ಅವನ ಭಾಷೆಯಲ್ಲೇ ಕಾಣುತ್ತಿತ್ತು. ಹತ್ತು ಇಂಚಿನ ದುಂಡು ತಟ್ಟೆ, ಎರಡು ಅಂಕಣದ್ದು, ಸಣ್ಣ ಬಟ್ಟಲು, ರೇಟು, ಪ್ಯಾಕಿಂಗು, ಎಲ್ಲಾ ಹಾಗೇ ಮುಗಿಯಿತು.

ನಿಜವಾಗಿ ನಂಬಿಕೆ ಹುಟ್ಟಿದ್ದು ಒಂದು ವಿಡಿಯೋ ಕಾಲ್‌ನಲ್ಲಿ. ಮಳೆಗಾಲದ ಹಾಳೆಯಲ್ಲಿ ಬೂಸ್ಟು ಬರುತ್ತದೆಯಾ ಅನ್ನೋದು ಖರೀದಿದಾರನ ಭಯ. ನಮ್ಮಲ್ಲಿ ಪ್ರೆಸ್ ಮೇಲೆ ಕೆಲಸ ಮಾಡುವ ಅಕ್ಕ ಒಬ್ಬರು ಆಗಷ್ಟೇ ಡೈನಿಂದ ತೆಗೆದ ಬಿಸಿ ತಟ್ಟೆ ಎತ್ತಿದರು. ಅದರ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಬಗ್ಗಿಸಿದರು. ಒಣಗಿದ್ದು ಜಾಸ್ತಿಯಾದರೆ ಟಕ್ ಅಂತ ಸೀಳುತ್ತದೆ, ತೇವ ಉಳಿದಿದ್ದರೆ ಮೆತ್ತಗೆ ಮಡಚಿಕೊಳ್ಳುತ್ತದೆ. ಎರಡನ್ನೂ ಮಾಡಿ ತೋರಿಸಿದರು. ಆಮೇಲೆ ಸರಿಯಾದ ತಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು ಹಿಂಭಾಗ ತಿರುಗಿಸಿದರು. ಒಂದು ಮಾತೂ ಇಲ್ಲ. ಅವನು ಆ ಕಡೆಯಿಂದ ಹೆಬ್ಬೆರಳು ಎತ್ತಿದ. ಆರ್ಡರ್ ಬಂತು.

ಆದರೂ ಆ ಆರ್ಡರ್‌ನಲ್ಲಿ ನನಗೆ ನಷ್ಟವೇ ಆಯಿತು. ದುಡ್ಡು ಎಲ್ಲಿ ಹೋಯಿತು ಅಂತೀರಾ? ಕೊಟೇಶನ್ ಫಾರಂನ ಒಂದು ಡ್ರಾಪ್‌ಡೌನ್‌ನಲ್ಲಿ.

ಆ ಫಾರಂನಲ್ಲಿ ರೇಟಿನ ಪಕ್ಕ ಮೂರಕ್ಷರದ ಕೋಡುಗಳ ಪಟ್ಟಿ ಇರುತ್ತದೆ. ಎಫ್‌ಸಿಎ, ಎಫ್‌ಒಬಿ, ಸಿಐಎಫ್, ಡಿಎಪಿ, ಡಿಡಿಪಿ. ಇವಕ್ಕೆ ಇನ್‌ಕೋಟರ್ಮ್ಸ್ ಅನ್ನುತ್ತಾರೆ. ಪ್ಯಾರಿಸ್‌ನಲ್ಲಿರುವ ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ 1936ರಿಂದ ಇವನ್ನು ಹೊರಡಿಸುತ್ತಾ ಬಂದಿದೆ. ಈಗ ನಡೆಯುತ್ತಿರೋದು 2020ರ ಆವೃತ್ತಿ, ಒಟ್ಟು 11 ನಿಯಮ. ಸರಕು ಯಾವ ಜಾಗದವರೆಗೆ ನನ್ನ ಜವಾಬ್ದಾರಿ, ಎಲ್ಲಿಂದ ನಿನ್ನದು, ಸುಂಕ ಯಾರು ಕಟ್ಟಬೇಕು ಅನ್ನೋದೆಲ್ಲಾ ಈ ಮೂರಕ್ಷರದಲ್ಲಿದೆ. ಖರೀದಿದಾರ ಚಾಟ್‌ನಲ್ಲಿ "ನಮ್ಮ ಅಂಗಡಿ ಬಾಗಿಲಿಗೆ ತಲುಪೋ ರೇಟು ಕೊಡಿ" ಅಂದಿದ್ದ. ಬಾಗಿಲಿಗೆ ಅಂದ ಮೇಲೆ ಡಿಡಿಪಿ ಇರಬೇಕು ಅಂತ ಒತ್ತಿದೆ. ಸರಕು ಸಾಗಣೆ ಏರ್ಪಾಡು ಮಾಡುವ ಫಾರ್ವರ್ಡರ್ ಹತ್ತಿರ ಬಾಗಿಲವರೆಗಿನ ಸಾಗಣೆ ರೇಟು ತಗೊಂಡೆ. ಅದರ ಮೇಲೆ "ಕ್ಲಿಯರೆನ್ಸ್ ಚಾರ್ಜು" ಅಂತ ಸ್ವಲ್ಪ ಸೇರಿಸಿದೆ. ಮಾರ್ಜಿನ್ ಇಟ್ಟುಕೊಂಡೆ. ಖುಷಿಯಾಗಿದ್ದೆ.

ಡಿಡಿಪಿ ಅಂದರೆ ಆ ದೇಶದ ಆಮದು ಸುಂಕವೂ ತೆರಿಗೆಯೂ ಮಾರುವವನ ತಲೆಗೆ. ಜರ್ಮನಿಯಲ್ಲಿ ಇಂಥ ಸರಕಿಗೆ ಆಮದಿನ ಮೇಲಿನ ವ್ಯಾಟ್ 19%. ಅದನ್ನು ಬರೀ ತಟ್ಟೆ ಬೆಲೆಗೆ ಲೆಕ್ಕ ಹಾಕುವುದಿಲ್ಲ, ಸಾಗಣೆ ಖರ್ಚು, ಸುಂಕ ಎಲ್ಲಾ ಸೇರಿಸಿ ಹಾಕುತ್ತಾರೆ. ಎಲ್ಲಾ ಸೇರಿ 10 ಲಕ್ಷ ಆಯಿತು ಅಂತಿಟ್ಟುಕೊಳ್ಳಿ, ತೆರಿಗೆಯೇ 1 ಲಕ್ಷ 90 ಸಾವಿರ. ಹಾಳೆ ತಟ್ಟೆಯಲ್ಲಿ ಅಷ್ಟು ಮಾರ್ಜಿನ್ ಯಾರಿಗಿದೆ?

ಅಷ್ಟಕ್ಕೇ ಮುಗಿಯಲಿಲ್ಲ. ಸರಕು ಹ್ಯಾಂಬರ್ಗ್ ಮುಟ್ಟಿದ ಮೇಲೆ ಅಲ್ಲಿನ ಏಜೆಂಟ್ ಕೇಳಿದ್ದು, ಆಮದುದಾರ ಯಾರು, ಅವರ ಇಒಆರ್‌ಐ ನಂಬರ್ ಎಷ್ಟು. ಅದು ಯುರೋಪಿನ ಕಸ್ಟಮ್ಸ್‌ಗೆ ಬೇಕಾದ ನಂಬರ್. ನನ್ನ ಹತ್ತಿರ ಇದ್ದದ್ದು ನಮ್ಮ ವಿದೇಶ ವ್ಯಾಪಾರ ಇಲಾಖೆ ಡಿಜಿಎಫ್‌ಟಿ ಕೊಡುವ ಐಇಸಿ, ಅಂದರೆ ಆಮದು ರಫ್ತು ಕೋಡ್ ಮಾತ್ರ. ಅಲ್ಲಿ ನೆಲೆ ಇಲ್ಲದವರು ಆಮದುದಾರ ಆಗಬೇಕಾದರೆ ಅಲ್ಲಿಯವರೊಬ್ಬರು ಪ್ರತಿನಿಧಿಯಾಗಿ ಹೊಣೆ ಹೊರಬೇಕು. ಅವರಿಗೆ ಫೀಸು. ಅವರನ್ನು ಹುಡುಕೋವರೆಗೆ ಗೋದಾಮಿನ ಬಾಡಿಗೆ ಓಡುತ್ತಲೇ ಇತ್ತು.

ಈಗ ಹೊಟ್ಟೆ ಉರಿಯೋ ಭಾಗಕ್ಕೆ ಬರುತ್ತೇನೆ. ಖರೀದಿದಾರ ತಾನೇ ಆಮದುದಾರನಾಗಿ ಆ 19% ಕಟ್ಟಿದ್ದರೆ ತನ್ನ ವ್ಯಾಟ್ ಲೆಕ್ಕದಲ್ಲಿ ಪೂರ್ತಿ ವಾಪಸ್ ಪಡೆಯುತ್ತಿದ್ದ. ನಮ್ಮ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಇದೆಯಲ್ಲ, ಅದೇ ಥರ. ಅವನಿಗೆ ಅದು ಖರ್ಚೇ ಅಲ್ಲ, ಸುಮ್ನೆ ಕೈಯಿಂದ ಕೈಗೆ ಹೋಗಿ ಬರುವ ದುಡ್ಡು. ನಾನು ಕಟ್ಟಿದ್ದರಿಂದ ಅವನಿಗೂ ಸಿಗಲಿಲ್ಲ. ನಾನು ವಾಪಸ್ ಕೇಳಬೇಕಾದರೆ ಜರ್ಮನಿಯಲ್ಲಿ ವ್ಯಾಟ್ ರಿಜಿಸ್ಟರ್ ಆಗಬೇಕು, ಅಲ್ಲಿನ ಆಡಿಟರ್ ಇಟ್ಟುಕೊಳ್ಳಬೇಕು. ನಮ್ಮಂಥ ಯೂನಿಟ್‌ಗೆ ಅದು ಆಗುವ ಮಾತಾ? ಮೋಸ ಯಾರೂ ಮಾಡಲಿಲ್ಲ. "ಕೇಳಿದ್ದರೆ ನಾನೇ ಕಟ್ಟುತ್ತಿದ್ದೆನಲ್ಲ" ಅಂದ ಅವನು. ಅನುವಾದ ಅದನ್ನೂ ಚೆನ್ನಾಗಿಯೇ ಮಾಡಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದೆ ಅಂತ ನನಗೆ ಅನಿಸುತ್ತದೆ. ಭಾಷೆ ಬರದಿದ್ದರೆ ನಾವು ಎಚ್ಚರವಾಗಿರುತ್ತೇವೆ, ಎರಡೆರಡು ಸಲ ಕೇಳುತ್ತೇವೆ. ಅನುವಾದ ಸಲೀಸಾಗಿ ನಡೆದಾಗಲೇ ಎಲ್ಲಾ ಮಾತಾಡಿ ಆಗಿದೆ ಅನ್ನೋ ಧೈರ್ಯ ಬರುತ್ತದೆ. ಮಾತಾಡದೇ ಉಳಿದಿದ್ದನ್ನು ಯಾವ ಪ್ಲಾಟ್‌ಫಾರ್ಮೂ ನೆನಪಿಸುವುದಿಲ್ಲ.

ಮೊದಲ ಆರ್ಡರ್ ಎಫ್‌ಸಿಎ ಮಂಗಳೂರು ಅಂತ ಕೊಡಿ. ಇಲ್ಲಿನ ಎಕ್ಸ್‌ಪೋರ್ಟ್ ಕ್ಲಿಯರೆನ್ಸ್ ನಿಮ್ಮದು. ಅವನು ಗೊತ್ತು ಮಾಡಿದ ಫಾರ್ವರ್ಡರ್‌ಗೆ ಸರಕು ಒಪ್ಪಿಸಿದರೆ ನಿಮ್ಮ ಕೆಲಸ ಮುಗಿಯಿತು. ಎಲ್ಲರೂ ರೂಢಿಯಿಂದ ಎಫ್‌ಒಬಿ (ಹಡಗಿಗೆ ಏರಿಸುವವರೆಗೆ ನಮ್ಮ ಹೊಣೆ) ಅಂತಾರೆ, ಆದರೆ ಕಂಟೇನರ್ ಸರಕಿಗೆ ಎಫ್‌ಸಿಎ ಸರಿ ಅಂತ ನಿಯಮ ಮಾಡಿದವರೇ ಹೇಳುತ್ತಾರೆ. ಬಾಗಿಲಿಗೇ ಬೇಕು ಅಂತ ಹಟ ಹಿಡಿದರೆ ಡಿಎಪಿ. ಆಗ ಸಾಗಣೆ ನಿಮ್ಮದು, ಸುಂಕ ಮತ್ತು ವ್ಯಾಟ್ ಅವನದು. ಡಿಡಿಪಿ ಬೇಕೇ ಬೇಕು ಅಂದರೆ ಆರ್ಡರ್ ಬಿಡಿ. ಕೆಲವರು ಇದನ್ನು ಒಪ್ಪುವುದಿಲ್ಲ, ಗೊತ್ತು. ಕೊರಿಯರ್‌ನಲ್ಲಿ ಸಣ್ಣ ಪಾರ್ಸೆಲ್ ಕಳಿಸುವವರ ಲೆಕ್ಕ ಬೇರೆ.

ಚಾಟ್‌ನಲ್ಲಿ ಅಂಕಿಗಳಲ್ಲಿ ಮಾತಾಡಿ. ಮಿಲಿಮೀಟರ್, ಗ್ರಾಂ, ಒಂದು ಪೆಟ್ಟಿಗೆಗೆ ಎಷ್ಟು ತಟ್ಟೆ. "ಒಳ್ಳೆ ಕ್ವಾಲಿಟಿ" ಅಂತ ಬರೆಯಲೇಬೇಡಿ, ಅದಕ್ಕೆ ಯಾವ ಭಾಷೆಯಲ್ಲೂ ಅಳತೆ ಇಲ್ಲ. ಆಹಾರ ಬಡಿಸುವ ವಸ್ತುವಾದ್ದರಿಂದ ಜರ್ಮನಿಯವರು ಎಲ್‌ಎಫ್‌ಜಿಬಿ, ಅಂದರೆ ಅಲ್ಲಿನ ಆಹಾರ ಕಾನೂನಿನ ಪ್ರಕಾರದ ಟೆಸ್ಟ್ ರಿಪೋರ್ಟ್ ಕೇಳುತ್ತಾರೆ. ಖರ್ಚು ಯಾರದು, ರಿಪೋರ್ಟ್ ಯಾರ ಹೆಸರಲ್ಲಿ ಅಂತ ಮೊದಲೇ ಬರೆಸಿಕೊಳ್ಳಿ. ಮರದ ಪ್ಯಾಲೆಟ್ ಮೇಲೆ ಕಳಿಸೋದಾದರೆ ಅದಕ್ಕೆ ಐಎಸ್‌ಪಿಎಂ 15 ಮುದ್ರೆ, ಅಂದರೆ ಮರಕ್ಕೆ ಹುಳ ಬಾರದಂತೆ ಉಪಚಾರ ಮಾಡಿದ ಗುರುತು ಇರಲೇಬೇಕು.

ಅಮೆರಿಕದ ಎನ್‌ಕ್ವೈರಿ ನಿಮಗೂ ಬರುತ್ತದೆ, ಮರುಳಾಗಬೇಡಿ. ಅಡಿಕೆ ಹಾಳೆಯ ತಟ್ಟೆ ಆಹಾರದ ಬಳಕೆಗೆ ಸಲ್ಲದು ಅಂತ ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಹೇಳಿದೆ. ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನೋ ರಾಸಾಯನಿಕ ಊಟಕ್ಕೆ ಇಳಿಯಬಹುದು ಅನ್ನೋದು ಅವರ ವಾದ. ಆ ವಾದದ ಬಗ್ಗೆ ನನಗೂ ತಕರಾರಿದೆ, ಆದರೆ ಬಂದರಿನಲ್ಲಿ ನನ್ನ ತಕರಾರು ಯಾರೂ ಕೇಳುವುದಿಲ್ಲ.

ನಮ್ಮ ವಾಣಿಜ್ಯ ಸಚಿವಾಲಯ 2024ರ ಸೆಪ್ಟೆಂಬರ್‌ನಲ್ಲಿ ಟ್ರೇಡ್ ಕನೆಕ್ಟ್ ಅನ್ನೋ ಪೋರ್ಟಲ್ ಶುರು ಮಾಡಿದೆ. ಯಾವ ದೇಶದಲ್ಲಿ ಸುಂಕ ಎಷ್ಟು ಅಂತ ನೋಡಲು ಅಲ್ಲಿಂದ ಶುರು ಮಾಡಿ. ಖರೀದಿದಾರರನ್ನು ಹುಡುಕೋದಕ್ಕೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಇನ್ನು ಮಾತುಕತೆಗೆ ಯಾವ ಪ್ಲಾಟ್‌ಫಾರ್ಮ್ ಅಂದರೆ, ಎನ್‌ಕ್ವೈರಿ ಎಲ್ಲಿ ಬಂದಿದೆಯೋ ಅಲ್ಲೇ ಮಾತಾಡಿ. ಬದಲಾಯಿಸಬೇಡಿ. ಆರು ಸ್ಯಾಂಪಲ್ ತಟ್ಟೆ ಕೊರಿಯರ್ ಮಾಡಿ. ಅವು ತಲುಪುವಷ್ಟರಲ್ಲಿ ಅವನ ಇಒಆರ್‌ಐ ನಂಬರ್ ಕೇಳಿ ಇಟ್ಟುಕೊಳ್ಳಿ.