ಬೆಟ್ಟ ಹತ್ತುವ ಅಂಗಿಗೆ ಹತ್ತಿಯೋ, ಉಣ್ಣೆಯೋ?

ಪ್ರಶ್ನೆ: ಶಿವಮೊಗ್ಗದಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಗೆಳೆಯರೆಲ್ಲ ಸೇರಿ ಕೊಡಚಾದ್ರಿ, ಕುದುರೆಮುಖ ಹತ್ತುತ್ತೇವೆ. ಪಾಲಿಯೆಸ್ಟರ್ ಟೀ ಶರ್ಟ್ ಒಂದೇ ದಿನಕ್ಕೆ ನಾತ ಹೊಡೆಯುತ್ತದೆ. ಹತ್ತಿಯಲ್ಲೇ ಹೊಲಿಯೋಣ ಅಂದರೆ, ಬೆಟ್ಟಕ್ಕೆ ಹತ್ತಿ ಬೇಡ ಅನ್ನುವವರೇ ಜಾಸ್ತಿ. ನಿಜವಾ ಸರ್?

ಉತ್ತರ: ಅರ್ಧ ನಿಜ. ಚಳಿ ಗಾಳಿಯ ಬೆಟ್ಟದಲ್ಲಿ ಮೈಗೆ ತಾಗುವ ಅಂಗಿಗೆ ಹತ್ತಿ ಬೇಡ. ಮೇಲೆ ಹಾಕುವ ಜಾಕೆಟ್ಟಿಗೆ ಹತ್ತಿ ತುಂಬಾ ಒಳ್ಳೆಯದು.

ಹತ್ತಿ ಬೆವರು ಕುಡಿದು ಮೈಗೆ ಅಂಟಿಕೊಳ್ಳುತ್ತದೆ. ಬಿಸಿಲಲ್ಲಿ ಅದು ಹಿತ. ಕುದುರೆಮುಖದ ತುದಿಯಲ್ಲಿ ಮಂಜು, ಗಾಳಿ ಒಟ್ಟಿಗೆ ಬಂದರೆ ಅದೇ ಅಂಗಿ ಮೈ ನಡುಗಿಸುತ್ತದೆ. ಉಣ್ಣೆಯ ಎಳೆ ಗುಂಗುರು. ನೆಂದರೂ ಒಳಗೆ ಒಂದಿಷ್ಟು ಗಾಳಿ ಹಿಡಿದಿಟ್ಟುಕೊಳ್ಳುತ್ತದೆ. ತನ್ನ ತೂಕದ ಶೇ 30ರಷ್ಟು ತೇವ ಹೀರಿದರೂ ಮುಟ್ಟಿದರೆ ಅಷ್ಟಾಗಿ ಒದ್ದೆ ಅನ್ನಿಸುವುದಿಲ್ಲ. ವಾಸನೆಯೂ ಕಡಿಮೆ. ಪಾಲಿಯೆಸ್ಟರ್ ಬೆವರಿನ ಜಿಡ್ಡು ಹಿಡಿದುಕೊಳ್ಳುತ್ತದೆ, ನಿಮಗೆ ಬರುವ ನಾತ ಅದರದ್ದೇ. ಒಗೆದಾಗಲೆಲ್ಲ ಅದರ ಚೂರು ಎಳೆಗಳು ಉದುರಿ ಹೊಳೆ ಸೇರುವುದೂ ನನಗೆ ಸಂಕಟದ ವಿಷಯ.

ನಮ್ಮ ಕುರುಬರು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಕುರಿ ಕಾಯುವುದು ಸುಮ್ನೆ ಅಲ್ಲ. ಆದರೆ ಡೆಕ್ಕನಿ ಕುರಿಯ ಉಣ್ಣೆ ಒರಟು, ಬರಿಮೈಗೆ ಚುಚ್ಚುತ್ತದೆ. ಅದು ರಾತ್ರಿ ಹೊದೆಯಲು ಇರಲಿ. ಅಂಗಿಗೆ ಮೆರಿನೊ ಎಂಬ ತಳಿಯ ಕುರಿಯ ನಯವಾದ ಉಣ್ಣೆಯ ಹೆಣಿಗೆ ಬಟ್ಟೆ ತನ್ನಿ, ಎಳೆಯ ದಪ್ಪ 17ರಿಂದ 19 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಇರಲಿ. ಬ್ಯಾಗಿನ ಪಟ್ಟಿ ಉಜ್ಜುವ ಭುಜದ ಮೇಲೆ ಹೊಲಿಗೆ ಬಾರದಂತೆ ರಾಗ್ಲಾನ್ ತೋಳು, ಅಂದರೆ ಕುತ್ತಿಗೆಯಿಂದಲೇ ಶುರುವಾಗುವ ತೋಳು ಇಡಿ.

ಇನ್ನು ಜಾಕೆಟ್. ಎರಡನೇ ಮಹಾಯುದ್ಧದ ಹೊತ್ತಿಗೆ ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್‌ನಲ್ಲಿ ವೆಂಟೈಲ್ ಎಂಬ ಬಟ್ಟೆ ತಯಾರಾಯಿತು. ತಣ್ಣೀರಿನ ಸಮುದ್ರಕ್ಕೆ ಬಿದ್ದ ಪೈಲಟ್‌ಗಳು ಬದುಕಿ ಉಳಿಯಬೇಕಿತ್ತಲ್ವಾ, ಅದಕ್ಕೆ. ಉದ್ದ ಎಳೆಯ ಹತ್ತಿ, ತುಂಬಾ ಒತ್ತಾದ ನೇಯ್ಗೆ. ನೀರು ತಾಗಿದರೆ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಧಾರವಾಡದ ಡಿಸಿಎಚ್-32 ಕೂಡ ಉದ್ದ ಎಳೆಯ ಹತ್ತಿಯೇ. ಅದರಲ್ಲಿ ಇಂಥ ಬಟ್ಟೆ ನೇಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಜಾಕೆಟ್ಟಿಗೆ ಇಂಥ ಒತ್ತು ನೇಯ್ಗೆಯ ಹತ್ತಿ ಬಟ್ಟೆ ಹುಡುಕುವಾಗ, ಅಂಗಡಿಯಲ್ಲಿ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಉಸಿರು ಸಲೀಸಾಗಿ ದಾಟಿದರೆ ಬೇರೆ ಥಾನು ತೆಗೆಸಿ. ಹೊಲಿಯುವ ದಾರವೂ ಹತ್ತಿಯದೇ ಇರಲಿ, ನೆಂದಾಗ ಉಬ್ಬಿ ಸೂಜಿಯ ತೂತು ತುಂಬುತ್ತದೆ. ಆದರೆ ಜುಲೈನ ಆಗುಂಬೆ ಮಳೆಗೆ ಈ ಜಾಕೆಟ್ ಸಾಲದು. ಆಗ ರೇನ್‌ಕೋಟ್ ಬೇಕೇ ಬೇಕು.

ಮೆರಿನೊ ಕೊಳ್ಳುವ ಮುಂಚೆ ನಾಲ್ಕು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆರೆಸಿದ್ದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಅದಕ್ಕೆ ಮೆರಿನೊ ರೇಟು ಕೊಡಬೇಡಿ.