‘ದೇಶಕ್ಕೇ ಅಷ್ಟು ಸಾಲ ಇದೆ, ನಾನ್ಯಾಕೆ ಉಳಿಸಲಿ?’ ಎನ್ನುವ ಗೆಳೆಯರಿಗೆ ಏನು ಹೇಳುವುದು?

ನಿಮ್ಮ ಪ್ರಶ್ನೆ ಓದಿ ನಗು ಬಂತು. ಗೆಳೆಯರು ಸೇರಿದರೆ ಮಾತು ಹಳೇ ಹಾಡಿನಿಂದ ಶುರುವಾಗಿ, ದೇಶದ ಸಾಲಕ್ಕೆ ಹೊರಳಿ, ‘ಇನ್ನು ನಾನೊಬ್ಬ ಉಳಿಸಿ ಏನು ಮಾಡ್ಲಿ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ, ಈ ಜೋಕಿನಲ್ಲಿ ಏನಾದರೂ ಹುರುಳಿದೆಯಾ ಅಂತ ಕೇಳಿದ್ದೀರಿ. ನಮ್ಮ ಗುಂಪಿನದೂ ಇದೇ ಕಥೆ. ನಾವು ನಾಲ್ವರು. ಒಬ್ಬನಿಗೆ ‘ಕ್ಯಾಸೆಟ್’ ಅಂತಲೇ ಅಡ್ಡಹೆಸರು. ಇನ್ನೊಬ್ಬ ‘ಹಣಕಾಸು ಮಂತ್ರಿ’. ನಮ್ಮೆಲ್ಲರ ಹತ್ತಿರವೂ ಸಾಲ ಮಾಡಿದ್ದಾನೆ, ಅದಕ್ಕೆ ಆ ಹೆಸರು.

ಮೊದಲು ಹಾಡಿನ ವಿಷಯ. ಕ್ಯಾಸೆಟ್ ಪ್ರಕಾರ ನಮ್ಮ ಕಾಲದ ಹಾಡೆಲ್ಲ ಬಂಗಾರ, ಈಗಿನದೆಲ್ಲ ಗದ್ದಲ. ಸಿಕ್ಕಿಕೊಂಡ ಟೇಪನ್ನು ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದುದನ್ನು ಯಾವುದೋ ಸಾಹಸದ ಹಾಗೆ ಹೇಳುತ್ತಾನೆ. ಹದಿಹರೆಯದಿಂದ ಇಪ್ಪತ್ತೈದರವರೆಗೆ ಕೇಳಿದ್ದು ಬೇರೆ ವಯಸ್ಸಿನದಕ್ಕಿಂತ ಗಟ್ಟಿಯಾಗಿ ಮನಸ್ಸಿನಲ್ಲಿ ಕೂರುತ್ತದೆ, ಇದನ್ನು ಮನಶ್ಶಾಸ್ತ್ರದವರೂ ಒಪ್ಪುತ್ತಾರೆ. ಆದರೆ ಅವನ ಡಬ್ಬ ಒಮ್ಮೆ ತೆಗೆದು ನೋಡಿದೆವು. ಅರ್ಧಕ್ಕರ್ಧ ಟೇಪುಗಳ ಹೆಸರೇ ಯಾರಿಗೂ ನೆನಪಿರಲಿಲ್ಲ. ಎರಡನ್ನು ಹಾಕಿ ಕೇಳಿದೆವು. ಯಾಕೆ ಮರೆತಿದ್ದೆವು ಅಂತ ಗೊತ್ತಾಯಿತು. ಕೆಟ್ಟ ಹಾಡುಗಳು ಆಗಲೂ ಬೇಕಾದಷ್ಟಿದ್ದವು, ಉಳಿದುಕೊಂಡಿಲ್ಲ ಅಷ್ಟೇ.

‘ಅವತ್ತು ಆ ಶೇರು ತಗೊಂಡಿದ್ರೆ ಇವತ್ತು...’ ಎಂಬ ಮಾತೂ ಇದೇ ಡಬ್ಬದ್ದು. ಗೆದ್ದ ಕಂಪನಿಯ ಹೆಸರು ಎಲ್ಲರ ಬಾಯಲ್ಲಿರುತ್ತದೆ. ಅದೇ ವರ್ಷ ಅಷ್ಟೇ ಜೋರಾಗಿ ಕೇಳಿಬಂದು ಮುಚ್ಚಿಹೋದ ಕಂಪನಿಗಳ ಹೆಸರು ಹೇಳು ಅಂದರೆ ಯಾರೂ ಉಸಿರೆತ್ತುವುದಿಲ್ಲ. ಇಂಡೆಕ್ಸ್ ಫಂಡ್, ಅಂದರೆ ಶೇರು ಸೂಚ್ಯಂಕದಲ್ಲಿರುವ ಎಲ್ಲ ಕಂಪನಿಗಳ ಶೇರನ್ನೂ ಸ್ವಲ್ಪ ಸ್ವಲ್ಪ ಕೊಳ್ಳುವ ಫಂಡು, ನನಗೆ ಹಿಡಿಸಿದ್ದೂ ಇದೇ ಕಾರಣಕ್ಕೆ. ಸಾಮಾನ್ಯ ಜನ ಹಣ ಹಾಕಬಹುದಾದ ಇಂಥ ಫಂಡು ಅಮೆರಿಕದಲ್ಲಿ 1976ರಲ್ಲಿ ಬಂತು. ಎಲ್ಲ ಕ್ಯಾಸೆಟ್ಟಿನದೂ ಒಂದೊಂದು ಪ್ರತಿ ಕೊಂಡ ಹಾಗೆ ಅದು. ಡಬ್ಬದಲ್ಲಿ ಕಸವೂ ಬರುತ್ತದೆ, ಆದರೆ ಹಿಟ್ ಆದದ್ದು ಕೈತಪ್ಪುವುದಿಲ್ಲ.

ಈಗ ಸಾಲ. ‘ತಲೆಗೆ ಇಷ್ಟು ಸಾಲ’ ಎಂಬ ಲೆಕ್ಕ ಹೆದರಿಸುವುದಕ್ಕೆ ತುಂಬ ಚೆನ್ನಾಗಿದೆ. 1989ರಲ್ಲಿ ನ್ಯೂಯಾರ್ಕಿನ ಬೀದಿಯೊಂದರಲ್ಲಿ ಅಮೆರಿಕದ ಸಾಲ ತೋರಿಸುವ ದೊಡ್ಡ ಫಲಕ ಹಾಕಿದರು. ಕೆಳಗೆ ‘ನಿಮ್ಮ ಕುಟುಂಬದ ಪಾಲು’ ಎಂಬ ಸಾಲು ಬೇರೆ. ಆಗ ಸಾಲ ಸುಮಾರು 2.7 ಲಕ್ಷ ಕೋಟಿ ಡಾಲರ್. 2000ದಲ್ಲಿ ಸಾಲ ಇಳಿಯತೊಡಗಿತು ಅಂತ ಫಲಕ ಆರಿಸಿದರು, ಎರಡು ವರ್ಷಕ್ಕೆ ಮತ್ತೆ ಹಚ್ಚಬೇಕಾಯಿತು. 2008ರಲ್ಲಿ ಸಾಲ 10 ಲಕ್ಷ ಕೋಟಿ ದಾಟಿದಾಗ ಅಂಕಿ ಹಿಡಿಸಲು ಜಾಗವೇ ಇಲ್ಲ! ಡಾಲರ್ ಚಿಹ್ನೆ ಇದ್ದ ಮನೆಯಲ್ಲಿ 1 ಹಾಕಿ ಸುಧಾರಿಸಿದರು.

ಆ ಫಲಕ ಅರ್ಧ ಲೆಕ್ಕ ಮಾತ್ರ ಹೇಳುತ್ತದೆ. ಸಾಲ ಅಂದಮೇಲೆ ಕೊಟ್ಟವರೊಬ್ಬರು ಇರಲೇಬೇಕಲ್ವಾ? ಸರ್ಕಾರಗಳು ಬಾಂಡ್, ಅಂದರೆ ಬಡ್ಡಿ ಕೊಟ್ಟು ಅವಧಿ ಮುಗಿದಾಗ ಅಸಲು ತೀರಿಸುತ್ತೇವೆ ಎಂಬ ಸಾಲಪತ್ರ, ಮಾರಿ ಸಾಲ ಎತ್ತುತ್ತವೆ. ಅದನ್ನು ಕೊಳ್ಳುವವರಲ್ಲಿ ಬ್ಯಾಂಕು, ವಿಮಾ ಕಂಪನಿ, ಪಿಂಚಣಿ ನಿಧಿಗಳೇ ಜಾಸ್ತಿ. ಹೊರದೇಶದವರೂ ಇರುತ್ತಾರೆ. ಅಲ್ಲಿ ಇರುವುದು ನಿಮ್ಮ ಠೇವಣಿ, ನಿಮ್ಮ ಪ್ರೀಮಿಯಂ. ‘ದೇಶಕ್ಕೆ ಸಾಲ’ ಅಂತ ನಗುವ ಗೆಳೆಯ ತನಗೇ ಗೊತ್ತಿಲ್ಲದೆ ಆ ದೇಶಕ್ಕೆ ಸಾಲ ಕೊಟ್ಟವನೂ ಆಗಿರುತ್ತಾನೆ.

ಇನ್ನೊಂದು ವಿಷಯ. ನಿಮಗೆ ನಿವೃತ್ತಿ ಇದೆ, ದೇಶಕ್ಕಿಲ್ಲ. ಹಳೇ ಬಾಂಡಿನ ಅವಧಿ ಮುಗಿದರೆ ಹೊಸದು ಮಾರಿ ಅದರ ಹಣದಿಂದ ತೀರಿಸುತ್ತದೆ. ಅದನ್ನೇ ನೋಡಿ ನೀವೂ ಹಾಗೆ ಮಾಡಲು ಹೋದರೆ ಕಷ್ಟ. ಕ್ರೆಡಿಟ್ ಕಾರ್ಡಿನ ಬಾಕಿ ಇನ್ನೊಂದು ಕಾರ್ಡಿಗೆ ಹಾಕುತ್ತಾ ನಮ್ಮ ಹಣಕಾಸು ಮಂತ್ರಿ ಸಾಕಷ್ಟು ಅನುಭವಿಸಿದ್ದಾನೆ.

ಹಾಗಂತ ಜೋಕು ಪೂರ್ತಿ ಪೊಳ್ಳಲ್ಲ. ಮೊದಲ ಮಹಾಯುದ್ಧಕ್ಕಾಗಿ ಬ್ರಿಟನ್ 1917ರಲ್ಲಿ ಶೇಕಡಾ 5ರ ಬಡ್ಡಿಗೆ ಜನರಿಂದ ಸಾಲ ಎತ್ತಿತು. 1932ರಲ್ಲಿ ಬಡ್ಡಿಯನ್ನು ಶೇಕಡಾ 3.5ಕ್ಕೆ ಇಳಿಸಿತು. ಅಸಲು ಪೂರ್ತಿ ತೀರಿದ್ದು 2015ರಲ್ಲಿ. ಅಜ್ಜ 100 ಪೌಂಡಿನ ಪತ್ರ ಎತ್ತಿಟ್ಟಿದ್ದರೆ ವಂಶದವರ ಕೈಗೆ ಬಂದದ್ದು ಅದೇ 100 ಪೌಂಡ್. ಒಂದು ಪೈಸೆ ಮೋಸವಿಲ್ಲ! ಆದರೆ ಅಷ್ಟು ಹೊತ್ತಿಗೆ ಆ 100ಕ್ಕೆ ಅಜ್ಜನ ಕಾಲದ ಬೆಲೆ ಎಲ್ಲಿತ್ತು? ತನ್ನದೇ ಕರೆನ್ಸಿಯಲ್ಲಿ ಸಾಲ ಮಾಡಿದ ದೇಶ ಕೈ ಎತ್ತುವುದು ಕಡಿಮೆ. ಬೆಲೆಯೇರಿಕೆಯೇ ಸಾಲವನ್ನು ಸದ್ದಿಲ್ಲದೆ ಸವೆಸುತ್ತದೆ, ಜೊತೆಗೆ ನಿಮ್ಮ ಉಳಿತಾಯವನ್ನೂ. 72ನ್ನು ಬೆಲೆಯೇರಿಕೆಯ ದರದಿಂದ ಭಾಗಿಸಿ ನೋಡಿ. ವರ್ಷಕ್ಕೆ ಶೇಕಡಾ 6 ಆದರೆ ಸುಮಾರು 12 ವರ್ಷಕ್ಕೆ ಹಣದ ಬೆಲೆ ಅರ್ಧ. ಗೆಳೆಯರು ತಲೆ ಕೆಡಿಸಿಕೊಳ್ಳುವುದಾದರೆ ‘ತಲೆಗೆ ಇಷ್ಟು’ ಎಂಬ ಲೆಕ್ಕ ಬಿಟ್ಟು ಇದಕ್ಕೆ ಕೆಡಿಸಿಕೊಳ್ಳಲಿ. ಉಳಿಸಿದ್ದನ್ನೆಲ್ಲ ನಗದಿನಲ್ಲಿ ಅಥವಾ ಕಡಿಮೆ ಬಡ್ಡಿಯ ಖಾತೆಯಲ್ಲಿ ಇಟ್ಟು ಕೂತರೆ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನೇನು ಜಾಣನಲ್ಲ. ಒಮ್ಮೆ ಸಾಲದ ಭಯಂಕರ ಸುದ್ದಿ ಓದಿ ರಾತ್ರೋರಾತ್ರಿ ಫಂಡ್ ಮಾರಿದೆ. ದೇಶ ಮುಳುಗಲಿಲ್ಲ. ಮಾರಿದ್ದಕ್ಕಿಂತ ಜಾಸ್ತಿ ಬೆಲೆಗೆ ವಾಪಸ್ ಕೊಂಡೆ. ಆಮೇಲೆ ಒಂದು ವರ್ಷ ಈ ಮೂವರು ನನ್ನನ್ನು ‘ಅರ್ಥಶಾಸ್ತ್ರಜ್ಞ’ ಅಂತ ಕರೆದರು.

ಅಂದಹಾಗೆ ಹಾಡು, ಸಾಲ, ಹೂಡಿಕೆ ಮೂರೂ ನಿಜಕ್ಕೂ ಒಂದಾಗಿದ್ದುಂಟು. 1997ರಲ್ಲಿ ಗಾಯಕ ಡೇವಿಡ್ ಬೋವಿ ತನ್ನ 25 ಹಳೇ ಆಲ್ಬಂಗಳಿಂದ ಬರುವ ರಾಯಲ್ಟಿಯನ್ನು ಒತ್ತೆಯಿಟ್ಟು ಬಾಂಡ್ ಹೊರಡಿಸಿದ. ಸಿಕ್ಕಿದ್ದು 5.5 ಕೋಟಿ ಡಾಲರ್, ಬಡ್ಡಿ ಶೇಕಡಾ 7.9, ಅವಧಿ 10 ವರ್ಷ. ಇಂಟರ್ನೆಟ್ಟಿನಲ್ಲಿ ಹಾಡು ಪುಕ್ಕಟೆ ಸಿಗತೊಡಗಿ, ಆಲ್ಬಂ ಮಾರಾಟ ಬಿತ್ತು. 2004ರಲ್ಲಿ ಬಾಂಡಿನ ರೇಟಿಂಗ್ ‘ಜಂಕ್’ಗಿಂತ (ಹಣ ವಾಪಸ್ ಬಾರದಿರುವ ಅಪಾಯ ಜಾಸ್ತಿ ಎಂಬ ದರ್ಜೆ) ಒಂದೇ ಮೆಟ್ಟಿಲು ಮೇಲಿನವರೆಗೆ ಇಳಿಯಿತು. ಆದರೂ ಸಾಲ ಪೂರ್ತಿ ತೀರಿತು.

ಇದನ್ನು ಗುಂಪಿನಲ್ಲಿ ಹೇಳಿದ್ದೇ ತಪ್ಪಾಯಿತು. ಹಣಕಾಸು ಮಂತ್ರಿ ಕೂಡಲೇ ಕ್ಯಾಸೆಟ್ಟಿನ ಡಬ್ಬ ಒತ್ತೆಯಿಟ್ಟು ಬಾಂಡ್ ಹೊರಡಿಸೋಣ ಎಂದ. ಮೊದಲು ನಮ್ಮ ಹಳೇ ಬಾಕಿ ತೀರಿಸಯ್ಯ ಎಂದೆವು. ‘ಹೊಸ ಬಾಂಡ್ ಮಾರಿದ ಮೇಲೆ ತಾನೇ?’ ಎಂದ.