ಸಂಪಾದಕರ ಉತ್ತರ: ನೆನಪಿನ ಸರದಿ ಕೊನೆಗೆ

(ರುವಾಂಡಾದ ಸಾಮುದಾಯಿಕ ಆಪ್ತಸಮಾಲೋಚನೆ ಕುರಿತ ನಮ್ಮ ಲೇಖನ ಓದಿದ ಧಾರವಾಡದ ನಿವೃತ್ತ ಶಿಕ್ಷಕಿಯೊಬ್ಬರು ಕೇಳಿದ್ದಾರೆ: “ಮಾಗುತ್ತಿರುವ ಗಾಯವನ್ನು ಕೆದಕುವುದೇಕೆ? ಕೊಂದವರನ್ನೂ ಕಳೆದುಕೊಂಡವರನ್ನೂ ಒಟ್ಟಿಗೆ ಕೂರಿಸುವುದು ಹಿಂಸೆಯಲ್ಲವೇ? ನಡೆಸುವವರು ವೈದ್ಯರೂ ಅಲ್ಲವಂತೆ!”)

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗಾಯ ಮಾಗುತ್ತಿದೆ ಎಂಬ ಮಾತನ್ನೇ ನಾನು ಒಪ್ಪಲಾರೆ. 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಅಲ್ಲಿ ಎಂಟು ಲಕ್ಷದಷ್ಟು ಜನರ ಹತ್ಯೆಯಾಯಿತು. ಸತ್ತವರಲ್ಲಿ ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಟುಟ್ಸಿ ಸಮುದಾಯದವರು. ಕೊಂದವರಲ್ಲಿ ಎಷ್ಟೋ ಮಂದಿ ನೆರೆಹೊರೆಯವರೇ. ವರ್ಷಗಳು ಉರುಳಿದರೂ ಏಪ್ರಿಲ್‌ನ ಸ್ಮರಣೆಯ ದಿನಗಳು ಬಂದವೆಂದರೆ ಕೆಲವರಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಳ್ಳುತ್ತದೆ, ಚೀರುತ್ತಾರೆ, ಕುಸಿಯುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ‘ಇಹಹಮುಕ’ ಎಂಬ ಹೆಸರೇ ಇದೆ. ಮೇಲೆ ಹಕ್ಕಳೆ ಕಟ್ಟಿ ಒಳಗೆ ಕೀವು ತುಂಬಿದ್ದನ್ನು ಮಾಗಿದ ಗಾಯ ಎನ್ನುತ್ತೇವೆಯೇ?

ಇನ್ನು ಒಟ್ಟಿಗೆ ಕೂರಿಸುವ ಮಾತು. ಜೈಲಿನಿಂದ ಬಿಡುಗಡೆಯಾದವರು ಮರಳಿದ್ದು ಅದೇ ಗುಡ್ಡದ ಊರಿಗೆ. ಹಳದಿ ಕ್ಯಾನ್ ಹಿಡಿದು ನೀರಿಗೆ ಹೊರಟ ವಿಧವೆಗೆ ಕಾಲುದಾರಿಯಲ್ಲಿ ಎದುರಾಗುವವನು ಅವಳ ಗಂಡನನ್ನು ಕೊಂದವನೇ. ತಲೆ ತಗ್ಗಿಸಿ ದಾಟಬೇಕು, ಇಲ್ಲವೇ ಸುತ್ತುಬಳಸಿನ ದಾರಿ ಹಿಡಿಯಬೇಕು. ಸಮಾಲೋಚನೆ ಇರಲಿ ಬಿಡಲಿ, ಒಟ್ಟಿಗೆ ಬದುಕುವುದು ಅವರಿಗೆ ತಪ್ಪಿದ್ದಲ್ಲ.

2005ರಲ್ಲಿ ಉತ್ತರ ರುವಾಂಡಾದ ಬ್ಯುಂಬಾದಲ್ಲಿ ಈ ಸಮಾಲೋಚನೆಯ ಗುಂಪುಗಳು ಶುರುವಾದವು. ಹತ್ತು–ಹದಿನೈದು ಜನ, ವಾರಕ್ಕೊಮ್ಮೆ ಮೂರು ಗಂಟೆ, 15 ವಾರ. ನನ್ನ ಮನಸ್ಸಿಗೆ ನಾಟಿದ್ದು ಅದರ ಕ್ರಮ. ಮೊದಲು ಸುರಕ್ಷತೆ, ಆಮೇಲೆ ನಂಬಿಕೆ, ಕಾಳಜಿ, ಗೌರವ, ಬದುಕಿಗೆ ಹೊಸ ದಿಕ್ಕು. ನೆನಪಿನ ಸರದಿ ಎಲ್ಲಕ್ಕಿಂತ ಕೊನೆಗೆ. ನಿನ್ನ ಮಗನನ್ನು ಕೊಂದವರಾರು ಎಂದು ಮೊದಲ ದಿನ ಯಾರೂ ಕೇಳುವುದಿಲ್ಲ. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು, ಇಲ್ಲಿ ಆಡಿದ್ದು ಹೊರಗೆ ಹೋಗಬಾರದು: ಇಂಥ ಕಟ್ಟುಪಾಡುಗಳನ್ನು ಗುಂಪೇ ಕೂತು ಗೊತ್ತುಮಾಡಿಕೊಳ್ಳುತ್ತದೆ. ಕಾರ್ಯಕ್ರಮದ ಹೆಸರೂ ಹಾಗೆಯೇ, ‘ಮ್ವುರಾ ನ್ಕುವುರೆ’: ನೀನು ನನ್ನನ್ನು ಗುಣಪಡಿಸು, ನಾನು ನಿನ್ನನ್ನು. ಕ್ಷಮಿಸಲೇಬೇಕೆಂದು ನೊಂದವರ ಮೇಲೆ ಒತ್ತಡ ಬಂದರೆ ಮಾತ್ರ ನಿಮ್ಮ ಮಾತೇ ಸರಿ, ಅದು ಹಿಂಸೆಯೇ.

ಹೌದು, ನಡೆಸುವವರು ವೈದ್ಯರಲ್ಲ; ತರಬೇತಿ ಪಡೆದ ಅದೇ ಊರಿನ ಇಬ್ಬರು. ಔಷಧಿ ಬೇಕಾದವರಿಗೆ ವೈದ್ಯರೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬಾಕೆ ಈ ವಾರ ಬರಲಿಲ್ಲವೆಂದರೆ, ಸಂಜೆಯೊಳಗೆ ಅವಳ ಮನೆಯ ಬಾಗಿಲು ತಟ್ಟಬಲ್ಲವರು ಈ ಇಬ್ಬರೇ.

— ಸಂಪಾದಕ